ಎಣ್ಣೆ ಮುಟ್ಟಿಕೊಡುತ್ತಿದ್ದ ಅಪ್ಪಚ್ಚನ್

ಹೋದ ವಾರ ನಮ್ಮ ಬಡಾವಣೆಯ ಸಂಘದವರು ಸೌಹಾರ್ದ ಸಭೆ ಇಟ್ಟುಕೊಂಡಿದ್ದರು. ತಿರುವನಂತಪುರದಲ್ಲಿ ಇಂಥ ಸಭೆಗಳಿಗೇನೂ ಬರವಿಲ್ಲ. ಇಲ್ಲಿ ಎಲ್ಲರಿಗಿಂತ ಹಳಬ ನಾನು, ಮೇಲಾಗಿ ಕನ್ನಡದವನು. ಅದಕ್ಕೆ ವೇದಿಕೆಯ ಮೇಲೆ ನನಗೂ ಒಂದು ಕುರ್ಚಿ ಹಾಕಿದ್ದರು. ದೀಪ ಹಚ್ಚಿದರು. ಗಾಣದ ಎಳ್ಳೆಣ್ಣೆ. ಬತ್ತಿ ಹೊತ್ತಿ ಆ ಗಟ್ಟಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅರುವತ್ತು ವರ್ಷ ಹಿಂದಿನ ಒಂದು ಕಲ್ಲಿನ ಗೋಡೆ, ಗೋಡೆಯ ಮೇಲೊಂದು ಎಣ್ಣೆಯ ಭರಣಿ, ಆ ಭರಣಿಯೊಳಗೆ ಇಳಿಯುತ್ತಿದ್ದ ಒಂದು ಬೆರಳು ಕಣ್ಣಿಗೆ ಕಟ್ಟಿದವು.

ಅದೇ ಹೊತ್ತಿಗೆ ಭಾಷಣಕ್ಕೆ ನಿಂತ ಒಬ್ಬರು ಅದೇ ಕಥೆ ಶುರುಮಾಡಬೇಕೇ! ಹಿಂದೆಲ್ಲ ಕೊಚ್ಚಿ ಸೀಮೆಯ ದೇವಸ್ಥಾನಗಳಲ್ಲಿ ದೀಪದ ಎಣ್ಣೆಯನ್ನು ಕ್ರೈಸ್ತನೊಬ್ಬ ಮುಟ್ಟಿ ಶುದ್ಧ ಮಾಡಿಕೊಡುತ್ತಿದ್ದನಂತೆ, ಆಮೇಲೆಯೇ ದೇವರಿಗೆ ದೀಪವಂತೆ, ಇದಕ್ಕಿಂತ ದೊಡ್ಡ ಸೌಹಾರ್ದ ಪ್ರಪಂಚದಲ್ಲಿ ಎಲ್ಲಿದೆ ಎಂದು ಅವರು ಕೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಮೈಯೆಲ್ಲ ಉರಿದುಹೋಯಿತು. ಮುಖ ಕೆಂಪಾದದ್ದನ್ನು ನೋಡಿ ಪಕ್ಕದ ಕುರ್ಚಿಯವರು ನೀರು ಬೇಕೇ ಎಂದು ಕೇಳಿದರು.

ನೀರು ಕುಡಿದರೆ ಆರುವಂಥದ್ದಲ್ಲ ಅದು. ಆ ಬೆರಳಿನವರನ್ನು ನಾನು ಕಂಡಿದ್ದೇನೆ. ಅವರ ಜಗಲಿಯಲ್ಲಿ ಎರಡು ವರ್ಷ ಕೂತಿದ್ದೇನೆ. ಅಪ್ಪಚ್ಚನ್ ಎಂದು ಊರೆಲ್ಲ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅಜ್ಜ ಅಂತಲೋ ಅಪ್ಪ ಅಂತಲೋ, ಎರಡೂ ಹೌದು...

ನಾನು ಕಾಸರಗೋಡಿನ ಕಡೆಯವನು. ಕಾಸರಗೋಡು ಕೇರಳಕ್ಕೆ ಸೇರಿದ ಹೊಸದರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಎರ್ನಾಕುಲಂನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಉಳಿದುಕೊಳ್ಳಲು ಸೋದರಮಾವನ ಮನೆ ಇತ್ತು. ಮಾವ ಎಡಪ್ಪಳ್ಳಿಯಿಂದ ಒಳಗೆ, ತೋಡಿನ, ಅಂದರೆ ಕಾಲುವೆಯ, ದಡದಲ್ಲಿದ್ದ ಒಂದು ಸಣ್ಣ ದೇವಸ್ಥಾನದ ಅರ್ಚಕರು. ನಮ್ಮ ಕಡೆಯಿಂದ ಹೋಗಿ ಅಲ್ಲಿ ಪೂಜೆಗೆ ನಿಂತವರನ್ನು ಎಂಬ್ರಾಂದಿರಿ ಎನ್ನುತ್ತಾರೆ. ಈಗ ಎಡಪ್ಪಳ್ಳಿ ಎಂದರೆ ಮಾಲು, ಮೆಟ್ರೊ, ಹಾರ್ನು. ಆಗ ಗದ್ದೆ, ತೆಂಗು ಮತ್ತು ತೋಡು ಬಿಟ್ಟರೆ ಮತ್ತೇನಿರಲಿಲ್ಲ. ದೇವಸ್ಥಾನದ ಹೊರಗೋಡೆಗೆ ತಾಗಿ ಒಂದು ರಸ್ತೆ, ಆ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಕ್ರೈಸ್ತರ ಇಗರ್ಜಿ. ಗೋಡೆಯ ಈಚೆ ಮಾವನ ಮನೆ, ರಸ್ತೆಯ ಆಚೆ ಅಪ್ಪಚ್ಚನ್ ಮನೆ.

ದೇವರ ದೀಪದ ಎಣ್ಣೆಯನ್ನು ಗಾಣಿಗ ಗುರುವಾರ ಗುರುವಾರ ತನ್ನ ಸಣ್ಣ ದೋಣಿಯಲ್ಲಿ ಭರಣಿ ಇಟ್ಟುಕೊಂಡು ತರುತ್ತಿದ್ದ. ಗೋಡೆಯ ಮೇಲಿಟ್ಟು ದೂರ ನಿಲ್ಲುತ್ತಿದ್ದ. ಅವನು ಹಿಂಡಿದ ಎಣ್ಣೆ ಮೈಲಿಗೆ. ಅದನ್ನು ಮಡಿ ಮಾಡಲು ಮಂತ್ರ ಸಾಲದು, ಮಾವನ ಕೈ ಸಾಲದು, ಅಪ್ಪಚ್ಚನ್ ಬರಬೇಕು. ಅವರು ಮಿಂದು, ಬಿಳಿ ಮುಂಡು ಉಟ್ಟು, ರಸ್ತೆ ದಾಟಿ ಬಂದು ಬಲಗೈಯ ಉಂಗುರದ ಬೆರಳನ್ನು ಒಂದು ಗೆಣ್ಣಿನಷ್ಟು ಎಣ್ಣೆಗೆ ಅದ್ದಿ ತೆಗೆಯುತ್ತಿದ್ದರು. ಮುಗಿಯಿತು, ಎಣ್ಣೆ ಶುದ್ಧ. ಮಾವ ಒಂದು ಕುಡಿ ತುಳಸಿ ಹಾಕಿ ಒಳಗೆ ಒಯ್ಯುತ್ತಿದ್ದರು. ಈ ಕೆಲಸಕ್ಕೆಂದೇ ಅಪ್ಪಚ್ಚನ್ ಅವರ ಹಿರಿಯರನ್ನು ಯಾವುದೋ ಕಾಲದ ದೊರೆ ಕರೆತಂದು ದೇವಸ್ಥಾನದ ಎದುರು ಜಾಗ ಕೊಟ್ಟು ಕೂರಿಸಿದ್ದನಂತೆ.

ಈಗ ಲೆಕ್ಕ ಹಾಕಿ ನೋಡಿ. ಅದಕ್ಕೆ ಹತ್ತು ವರ್ಷ ಮೊದಲೇ ಎಲ್ಲ ಜಾತಿಯ ಹಿಂದೂಗಳಿಗೂ ದೇವಸ್ಥಾನದ ಬಾಗಿಲು ತೆರೆದಾಗಿತ್ತು. ಗಾಣಿಗ ಒಳಗೆ ಹೋಗಬಹುದು, ಅವನ ಎಣ್ಣೆ ಹೋಗಕೂಡದು. ಅಪ್ಪಚ್ಚನ್ ಮುಟ್ಟಿದ ಎಣ್ಣೆ ಗರ್ಭಗುಡಿಗೆ ಹೋಗಬಹುದು, ಅಪ್ಪಚ್ಚನ್ ಗೋಡೆ ದಾಟಕೂಡದು. ಹಬ್ಬದ ದಿನ ಅವರ ಪಾಲಿನ ಪಾಯಸವನ್ನು ಮಾವ ಬಾಳೆಲೆಯಲ್ಲಿ ಸುತ್ತಿ ಗೋಡೆಯ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು, ಅವರ ಕೈ ತಾಗೀತು ಅಂತ. ಎಣ್ಣೆಯನ್ನು ಶುದ್ಧ ಮಾಡುವ ಕೈ ಮಾವನನ್ನು ಮೈಲಿಗೆ ಮಾಡುತ್ತಿತ್ತು! ಈ ಏರ್ಪಾಡು ಮಾಡಿದ ಪುಣ್ಯಾತ್ಮ ಯಾರೋ, ಸಿಕ್ಕಿದ್ದರೆ ಕತ್ತಿನ ಪಟ್ಟಿ ಹಿಡಿದು ಕೇಳುತ್ತಿದ್ದೆ. ಆದರೆ ಆಗ ನನಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಪ್ಪಚ್ಚನ್ನನ್ನು ದೇವರ ಹಾಗೆ ಮಾಡಿ ತೋರಿಸಲು ನನಗೆ ಇಷ್ಟವಿಲ್ಲ. ಅವರಿಗೆ ತಮ್ಮ ಬೆರಳಿನ ಬಗ್ಗೆ ಬಹಳ ಜಂಬ. ಮನೆತನದ ಬೆರಳು ಎಂದು ಎತ್ತಿ ತೋರಿಸುತ್ತಿದ್ದರು. ಗಾಣಿಗನನ್ನು ಒಂದು ದಿನವೂ ಜಗಲಿ ಹತ್ತಿಸಿದವರಲ್ಲ. ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಹೊಸದಾಗಿ ಇಗರ್ಜಿಗೆ ಸೇರಿದ ಬಡವರನ್ನೂ ಅಷ್ಟೇ. ಆ ಏಣಿಯಲ್ಲಿ ಅವರೂ ಒಂದು ಮೆಟ್ಟಿಲು, ತಮ್ಮ ಕೆಳಗಿನ ಮೆಟ್ಟಿಲನ್ನು ಅವರೂ ಚೆನ್ನಾಗಿಯೇ ತುಳಿಯುತ್ತಿದ್ದರು.

ನನಗೆ ಮಾತ್ರ ಒಳ್ಳೆಯವರಾಗಿದ್ದರು. ನನಗೆ ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಲಾಗದೆ ಒಮ್ಮೆ ಬೇರೆಯೇ ದಿಕ್ಕಿನ ಅಂಬಲಮುಗಳಿನವರೆಗೆ ಹೋಗಿ ಬಂದ ಕಥೆ ಕೇಳಿ ಅವರು ಹೊಟ್ಟೆ ಹಿಡಿದು ನಕ್ಕರು. ಮರುದಿನದಿಂದ ಸಂಜೆ ಸಂಜೆ ಪತ್ರಿಕೆ ಹಿಡಿದು ಅಕ್ಷರ ಕಲಿಸಿದರು. ಅವರ ಹೆಂಡತಿ, ಅಮ್ಮಚ್ಚಿ, ಬೆಲ್ಲ ಹಾಕಿದ ಕಟ್ಟಂಕಾಪ್ಪಿ, ಹಾಲಿಲ್ಲದ ಕಪ್ಪು ಕಾಫಿ, ತಂದಿಡುತ್ತಿದ್ದರು. ನಾನು ಕುಡಿದು, ತೋಡಿನಲ್ಲಿ ಬಾಯಿ ತೊಳೆದುಕೊಂಡು ಮನೆಗೆ ಹೋಗುತ್ತಿದ್ದೆ. ಮಾವನಿಗೆ ಗೊತ್ತಾಗದ ಹಾಗೆ. ಹಾಗೆ ಬಾಯಿ ತೊಳೆಯುವುದನ್ನು ಅಮ್ಮಚ್ಚಿ ಜಗಲಿಯಿಂದ ನೋಡುತ್ತಿದ್ದರು. ಮರುದಿನ ಮತ್ತೆ ಕಾಫಿ ತರುತ್ತಿದ್ದರು.

ನಾನು ಹೋದ ಎರಡನೆಯ ವರ್ಷ ಅಮ್ಮಚ್ಚಿ ಹಾಸಿಗೆ ಹಿಡಿದರು. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು. ಹೊಟ್ಟೆಯಲ್ಲಿ ಗಡ್ಡೆ, ಏನೂ ಮಾಡುವ ಹಾಗಿಲ್ಲ ಎಂದು ಎರ್ನಾಕುಲಂನ ಡಾಕ್ಟರು ಕೈ ಚೆಲ್ಲಿದ್ದರು. ಅಮ್ಮಚ್ಚಿಗೆ ಸಾವಿನ ಭಯ ಇರಲಿಲ್ಲ. ಅವರ ಭಯ ನೀರಿನದು.

ವಿಷಯ ಏನೆಂದರೆ, ದೇವಸ್ಥಾನದ ಗೋಡೆಗೆ ತಾಗಿದ ಆ ರಸ್ತೆಯಲ್ಲಿ ಕ್ರೈಸ್ತರ ಹೆಣ ಹೋಗುವಂತಿರಲಿಲ್ಲ. ಬದುಕಿರುವವರು ದಿನಕ್ಕೆ ನಾಲ್ಕು ಸಲ ಓಡಾಡಬಹುದು, ಎತ್ತಿನ ಗಾಡಿ ಹೋಗಬಹುದು, ನಾಯಿ ಹೋಗಬಹುದು. ಹೆಣ ಮಾತ್ರ ತೋಡಿಗೆ ಇಳಿದು, ದೋಣಿ ಹತ್ತಿ, ಗದ್ದೆಗಳನ್ನೆಲ್ಲ ಸುತ್ತು ಹಾಕಿ ಇಗರ್ಜಿಯ ಹಿಂಬದಿಗೆ ಹೋಗಿ ಸೇರಬೇಕು. ಅದಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಬಹಳ ಹಿಂದೆ ಅಮ್ಮಚ್ಚಿಯ ಒಬ್ಬಳೇ ಮಗಳು ಒಂಬತ್ತು ವರ್ಷಕ್ಕೆ ಜ್ವರದಲ್ಲಿ ಹೋದಾಗ ತುಂಬು ಮಳೆಗಾಲ. ದೋಣಿ ವಾಲಿ ಪೆಟ್ಟಿಗೆ ನೀರಿಗೆ ಜಾರಿತು. ಗಂಡಸರು ಮುಳುಗಿ ಎತ್ತಿದರು. ಪೆಟ್ಟಿಗೆಯೊಳಗೆ ನೀರು ಸದ್ದು ಮಾಡುತ್ತಿದ್ದದ್ದನ್ನು ಅಮ್ಮಚ್ಚಿ ದಾರಿಯುದ್ದಕ್ಕೂ ಕೇಳಿಸಿಕೊಂಡಿದ್ದರು.

ಮೋನೇ, ಅಂದರೆ ಮಗನೇ, ಎಂದು ನನ್ನನ್ನು ಹತ್ತಿರ ಕರೆದು ಅವರೇ ಹೇಳಿದರು. "ಮೋನೇ, ನೀನು ಸರ್ಕಾರದ ಆಫೀಸಿನವನು. ನನ್ನನ್ನು ನೀರಿನ ಮೇಲೆ ಒಯ್ಯುವುದು ಬೇಡ ಅಂತ ಹೇಳು. ನೆಲದ ಮೇಲೆ ಒಯ್ಯಲಿ."

ಅಪ್ಪಚ್ಚನ್ ಮೊದಲು ದೇವಸ್ಥಾನದ ಸಮಿತಿಯವರನ್ನು ಕೇಳಿದರು. ಅಧ್ಯಕ್ಷರ ಮನೆಯ ಅಂಗಳದಲ್ಲಿ ನಿಂತು, ಇಷ್ಟು ತಲೆಮಾರು ಬೆರಳು ಕೊಟ್ಟ ಮನೆತನ, ಒಂದೇ ಒಂದು ಸಲ ದಾರಿ ಕೊಡಿ ಎಂದು ಕೇಳಿದರು. ನೋಡೋಣ ಎಂದರು. ಮುಂದಿನ ವಾರ ಬನ್ನಿ ಎಂದರು. ಹಾಗೆ ಐದು ವಾರ ಅಲೆಸಿದರು. ಇಗರ್ಜಿಯ ಪಾದ್ರಿಗಳ ಬಳಿ ಹೋದರೆ ಅವರದು ಇನ್ನೊಂದು ರಾಗ. ಪರದೇವರ ಎಣ್ಣೆ ಮುಟ್ಟಲು ಹೋದದ್ದಕ್ಕೆ ತಕ್ಕ ಶಾಸ್ತಿ ಎಂದು ಮೊದಲು ಬೈದರು. ಆಮೇಲೆ ಅಲ್ಲಿನ ಹುಡುಗರಿಗೆ ಹುರುಪು ಬಂತು: ಇನ್ನೂರು ಜನ ಸೇರಿಸಿ ಹೆಣ ಹೊತ್ತು ಆ ರಸ್ತೆಯಲ್ಲೇ ನುಗ್ಗೋಣ, ಯಾರು ತಡೆಯುತ್ತಾರೋ ನೋಡೋಣ. ಇತ್ತ ಸಮಿತಿಯ ಹುಡುಗರೂ ದೊಣ್ಣೆ ಹುಡುಕಲು ಶುರುಮಾಡಿದರು. ಮುದುಕಿ ಇನ್ನೂ ಹೆಣವೇ ಆಗಿರಲಿಲ್ಲ, ಎರಡೂ ಕಡೆಯವರು ಆ ಹೆಣದ ಮೇಲೆ ಜಗಳಕ್ಕೆ ಜಾಗ ಹಿಡಿದಾಗಿತ್ತು. ಥೂ!

"ಅವಳು ಕೇಳಿದ್ದು ಹತ್ತು ನಿಮಿಷದ ದಾರಿ," ಎಂದರು ಅಪ್ಪಚ್ಚನ್. "ಯುದ್ಧ ಕೇಳಲಿಲ್ಲ."

ಆಗ ನಾನು ಬುದ್ಧಿ ಓಡಿಸಿದೆ. ಆ ರಸ್ತೆ ಯಾರದು ಎಂದು ಕೇಳಿ ತಿರುವನಂತಪುರದ ಸರ್ಕಾರಿ ಕಚೇರಿಗೆ ಒಂದು ಅರ್ಜಿ ಹಾಕುವುದು. ಇಂಗ್ಲಿಷಿನಲ್ಲಿ ನಾನೇ ಬರೆದೆ, ಅಪ್ಪಚ್ಚನ್ ಸಹಿ ಹಾಕಿದರು. ಉತ್ತರ ಊರಿನ ಅಂಚೆಯವನ ಕೈಗೆ ಸಿಕ್ಕರೆ ಸುದ್ದಿಯಾಗುತ್ತದೆಂದು ನನ್ನ ಕಚೇರಿಯ ವಿಳಾಸವನ್ನೇ ಕೊಟ್ಟೆವು. ಕಚೇರಿ ಕೆಲಸದ ಮೇಲೆ ನಾನೇ ತಿರುವನಂತಪುರಕ್ಕೆ ಹೋಗುವುದಿತ್ತು; ಅರ್ಜಿಯನ್ನು ಕೈಯಾರೆ ಒಯ್ದು ಕೊಟ್ಟೆ. ಅಲ್ಲಿ ನಮ್ಮ ಕಾಸರಗೋಡಿನವರೇ ಒಬ್ಬರು ಮೇಜಿನ ಹಿಂದೆ ಕೂತಿದ್ದರು. ಓದಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಇದು ಸರ್ಕಾರದ ರಸ್ತೆ ಮಾರಾಯ," ಎಂದರು. "ಇದರಲ್ಲಿ ನಡೀಲಿಕ್ಕೆ ಅರ್ಜಿ ಎಂತಕ್ಕೆ?"

ಅದನ್ನೇ ಬರೆದು ಕೊಡಿ ಎಂದೆ, ಕಳಿಸುತ್ತೇನೆ ಎಂದರು. ಅವರು ಹೇಳಿದ ಮಾತಿನಂತೆ ನಡೆದುಕೊಂಡರು. ಮೂರು ವಾರದೊಳಗೆ ಉತ್ತರ ನನ್ನ ಕಚೇರಿಗೆ ಬಂತು. ರಸ್ತೆ ಸಾರ್ವಜನಿಕರದ್ದು, ಶವಯಾತ್ರೆಗೆ ಯಾರ ಅನುಮತಿಯೂ ಬೇಕಿಲ್ಲ, ಅಡ್ಡಿಪಡಿಸಿದರೆ ಪೊಲೀಸರಿಗೆ ತಿಳಿಸಬಹುದು. ಒಂದು ಪುಟ, ಕೆಳಗೆ ಸಹಿ, ಮೊಹರು. ಮೊದಲಿನಿಂದಲೂ ಯಾರ ಅಪ್ಪಣೆಯೂ ಬೇಕಿರಲಿಲ್ಲ! ಇಷ್ಟು ತಲೆಮಾರು ಹೆಣಗಳು ಸುಮ್ಮನೆ ನೀರಿನಲ್ಲಿ ಸುತ್ತು ಹಾಕಿದ್ದವು.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಆ ಕಾಗದವನ್ನು ನೇರ ಅಪ್ಪಚ್ಚನ್ ಕೈಗೆ ಕೊಡಬೇಕಿತ್ತು. ಬಸ್ಸಿಳಿದರೆ ಬಲಕ್ಕೆ ಅವರ ಮನೆ, ಎಡಕ್ಕೆ ಮಾವನ ಮನೆ. ನಾನು ಎಡಕ್ಕೆ ತಿರುಗಿದೆ. ಮಾವನ ಅನ್ನ ತಿನ್ನುತ್ತಿದ್ದೇನೆ, ಅವರಿಗೆ ತಿಳಿಸದೆ ಹೇಗೆ ಎಂದುಕೊಂಡೆ. ಅರ್ಚಕರೇ ಸಮಿತಿಗೆ ನಯವಾಗಿ ಹೇಳಿದರೆ ದೊಣ್ಣೆ, ಪೊಲೀಸು ಯಾವುದೂ ಇಲ್ಲದೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಆಗುತ್ತದೆ ಎಂದುಕೊಂಡೆ. ಎಂಥ ಬುದ್ಧಿವಂತ ನಾನು! ಎರಡೂ ಕಡೆಗೆ ಒಳ್ಳೆಯವನಾಗುವ ಚಪಲ.

ಮಾವ ಕಾಗದ ಓದಲಿಲ್ಲ, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು.

"ಎರಡು ದಿನ ತಡಿ," ಎಂದರು. "ಇದನ್ನು ಅವರ ಮುಖಕ್ಕೆ ಹಿಡಿದ್ರೆ ನನ್ನ ಪೂಜೆ ಕೆಲಸ ಹೋಗ್ತದೆ. ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದಾರೆ, ನಿನಗೆ ಗೊತ್ತುಂಟಲ್ಲ. ನಾನೇ ಒಂದು ಮಾತು ಹೇಳಿ ಸರಿ ಮಾಡ್ತೇನೆ."

ಮಾವ ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ನಾನು ಕಾಗದ ಕೊಡುತ್ತಲೇ ಇರಲಿಲ್ಲ. ಅವರು ಹೆದರಿದ ಮನುಷ್ಯ. ಹೆದರಿದವರು ಮಾಡುವ ಅನಾಹುತ ಎಷ್ಟು ದೊಡ್ಡದು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಎರಡು ದಿನ ಮೂರಾಯಿತು. ನಾಲ್ಕಾಯಿತು. ಆ ನಾಲ್ಕು ಸಂಜೆಯೂ ನಾನು ಅಪ್ಪಚ್ಚನ್ ಜಗಲಿಗೆ ಹೋದೆ. ಕಾಫಿ ತರುವವರು ಇರಲಿಲ್ಲ. ಒಳಗಿನಿಂದ ಅಮ್ಮಚ್ಚಿಯ ನರಳಾಟ ಕೇಳುತ್ತಿತ್ತು, ಮಳೆಯೂ ಹಿಡಿದುಕೊಂಡಿತ್ತು. ನನ್ನ ಹೆಜ್ಜೆ ಕೇಳಿದರೆ ಸಾಕು, ಕಾಗದ ಬಂತಾ ಎಂದು ಅಮ್ಮಚ್ಚಿ ಒಳಗಿನಿಂದಲೇ ಕೇಳುತ್ತಿದ್ದರು. ಇವತ್ತು ಇಲ್ಲ ಅಮ್ಮಚ್ಚಿ, ನಾಳೆ ಬರಬಹುದು ಎಂದೆ. ಒಂದು ಸಲವಲ್ಲ, ನಾಲ್ಕು ಸಲ ಅಂದೆ. ನನ್ನ ನಾಲಿಗೆಗೆ ಏನಾಗಿತ್ತೋ... ನಾಳೆ ಮಾವ ಒಳ್ಳೆಯ ಸುದ್ದಿ ತರುತ್ತಾರೆ, ಆಗ ಒಟ್ಟಿಗೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮನೆಗೆ ಬಂದು ಉಂಡು ಮಲಗಿದೆ.

ಐದನೆಯ ದಿನ ಬೆಳಿಗ್ಗೆ ಇಗರ್ಜಿಯ ಗಂಟೆ ಸಾವು ಸಾರುವ ರೀತಿಯಲ್ಲಿ ಬಡಿಯಿತು. ಮಾವ ಗರ್ಭಗುಡಿಯಲ್ಲಿದ್ದರು. ನಾನು ಹೊಸ್ತಿಲ ಹೊರಗೆ ನಿಂತು ಕಾಗದ ಎಲ್ಲಿ ಎಂದು ಕೇಳಿದೆ. ಮೊದಲ ದಿನವೇ ಅಧ್ಯಕ್ಷರ ಕೈಗೆ ಕೊಟ್ಟೆ, ಅವರು ಇಟ್ಟುಕೊಂಡಿದ್ದಾರೆ ಎಂದು ಮಾವ ತಲೆ ಎತ್ತದೆ ಹೇಳಿದರು. ಮೊದಲ ದಿನವೇ! ಮಳೆಯಲ್ಲಿ ಅಧ್ಯಕ್ಷರ ಮನೆಗೆ ಓಡಿದೆ. ಅವರು ಚಾವಡಿಯಲ್ಲಿ ವೀಳ್ಯ ಮೆಲ್ಲುತ್ತಾ ಕೂತಿದ್ದರು. ಕೇಳಿದ್ದಕ್ಕೆ ಬಹಳ ಶಾಂತವಾಗಿ, ಯಾವ ಕಾಗದ ಎಂದು ನನ್ನನ್ನೇ ಕೇಳಿದರು. ತಿರುಮೇನಿಯ ಸೋದರಳಿಯ ಅಂತ ಗೌರವ ಇಟ್ಟಿದ್ದೇವೆ, ಅದನ್ನು ಉಳಿಸಿಕೊಂಡರೆ ಒಳ್ಳೆಯದು ಎಂದು ಸೇರಿಸಿದರು. ಅಲ್ಲಿ ತಿರುಮೇನಿ ಎಂದರೆ ಅರ್ಚಕರು.

ಹನ್ನೊಂದು ಗಂಟೆಯ ಸುಮಾರಿಗೆ ಪೆಟ್ಟಿಗೆ ರಸ್ತೆಗೆ ಬಂತು. ಗೋಡೆಯ ಮೂಲೆಯಲ್ಲಿ ಸಮಿತಿಯ ಹುಡುಗರು ಅಡ್ಡ ನಿಂತರು. ಪೆಟ್ಟಿಗೆಯ ಹಿಂದೆ ಇಗರ್ಜಿಯ ಹುಡುಗರು ಪಂಚೆ ಎತ್ತಿ ಕಟ್ಟಿದರು. ನಡುವೆ ಅಪ್ಪಚ್ಚನ್, ತಲೆಗೆ ಕೊಡೆಯಿಲ್ಲ. ನಾನು ಗೋಡೆಯ ಒಳಗಿದ್ದೆ. ಗೋಡೆ ನನ್ನ ಎದೆಯಷ್ಟು ಎತ್ತರ, ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಒಂದು ಮಾತು ಸಾಕಿತ್ತು. ಸರ್ಕಾರದಿಂದ ಕಾಗದ ಬಂದಿದೆ, ನಾನೇ ಓದಿದ್ದೇನೆ, ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಕೂಗಿಬಿಟ್ಟಿದ್ದರೆ ಸಾಕಿತ್ತು. ಕೈಯಲ್ಲಿ ಕಾಗದವಿಲ್ಲದೆ ಯಾರು ನಂಬುತ್ತಾರೆ ಎಂದುಕೊಂಡೆ. ಸುಳ್ಳು. ಮಾವನ ಇಬ್ಬರು ಹೆಣ್ಣುಮಕ್ಕಳು ಕಿಟಕಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು, ನಾನು ಬಾಯಿ ತೆರೆದರೆ ಅವರು ಬೀದಿಗೆ ಬೀಳುತ್ತಾರೆ ಎಂದುಕೊಂಡೆ. ಅದು ಅರ್ಧ ನಿಜ. ಉಳಿದರ್ಧ, ನನಗೂ ಹೆದರಿಕೆಯಾಗಿತ್ತು.

ಅಪ್ಪಚ್ಚನ್ ಎರಡೂ ಕಡೆಯ ಹುಡುಗರನ್ನು ಒಮ್ಮೆ ನೋಡಿದರು. ಆಮೇಲೆ ಪೆಟ್ಟಿಗೆ ಹೊತ್ತವರಿಗೆ, ತೋಡಿಗೆ ಇಳಿಸಿ ಎಂದರು.

ಅವತ್ತು ಗುರುವಾರ. ಗಾಣಿಗನ ದೋಣಿ ದಡದಲ್ಲಿತ್ತು. ಅವನನ್ನು ಯಾರೂ ಕರೆಯಲಿಲ್ಲ. ಅವನು ತಾನಾಗಿಯೇ ದೋಣಿಯಿಂದ ಎಣ್ಣೆಯ ಭರಣಿಗಳನ್ನು ಒಂದೊಂದಾಗಿ ಎತ್ತಿ ಕೆಸರಿನಲ್ಲಿಟ್ಟ. ಹೆಗಲ ಮೇಲಿನ ತೋರ್ತು ಬಟ್ಟೆಯಿಂದ ದೋಣಿಯ ತಳದ ನೀರು ಒರೆಸಿದ, ಹಿಂಡಿದ, ಮತ್ತೆ ಒರೆಸಿದ. ಒಣಗುವವರೆಗೆ ಒರೆಸುತ್ತಲೇ ಇದ್ದ, ಆ ಮಳೆಯಲ್ಲಿ. ಪೆಟ್ಟಿಗೆಯನ್ನು ಇಡುವಾಗ ತಾನು ಸೊಂಟದವರೆಗೆ ನೀರಿಗಿಳಿದು ದೋಣಿಯನ್ನು ಮೈಗೆ ಆನಿಸಿ ಹಿಡಿದುಕೊಂಡ. ಜೀವಮಾನದಲ್ಲಿ ಅವನನ್ನು ಜಗಲಿ ಹತ್ತಿಸದ ಅಪ್ಪಚ್ಚನ್ ಅವನ ಹೆಗಲು ಹಿಡಿದು ದೋಣಿ ಹತ್ತಿದರು.

"ಗಟ್ಟಿಯಾಗಿ ಹಿಡಿದಿದ್ದೇನೆ," ಎಂದ ಗಾಣಿಗ. "ಅಮ್ಮಚ್ಚಿಗೆ ನೀರು ತಾಗುವುದಿಲ್ಲ."

ಇಡೀ ದಾರಿ ಅವನು ಹುಟ್ಟು ಹಾಕಲಿಲ್ಲವಂತೆ. ನೀರಿನಲ್ಲೇ ನಡೆದು, ಆಳವಿದ್ದಲ್ಲಿ ಈಜಿ, ದೋಣಿಯನ್ನು ಕೈಯಿಂದ ತಳ್ಳಿಕೊಂಡು ಹೋದನಂತೆ. ದಡ ಬಿಟ್ಟ ಮೇಲಿನದನ್ನು ನಾನು ನೋಡಲಿಲ್ಲ, ಆಮೇಲೆ ಕೇಳಿದ್ದು. ಸೌಹಾರ್ದ ಅನ್ನುವ ಮಾತಿಗೆ ನನ್ನ ಬದುಕಿನಲ್ಲಿ ನಾನು ಕಂಡ ಅರ್ಥ ಇದೊಂದೇ, ಅದನ್ನೂ ಗೋಡೆಯ ಒಳಗೆ ನಿಂತು ಕಂಡೆ.

ಸಮಿತಿಯವರು ಸುಮ್ಮನಿದ್ದರೇ? ಹೆಣ ಹೊತ್ತ ದೋಣಿಯಲ್ಲಿ ಬರುವ ಎಣ್ಣೆ ದೇವರಿಗೆ ಬೇಡ ಎಂದು ಗ್ರಾಮದ ನಾಲ್ಕು ಜನರ ಎದುರು ಹೇಳಿ ಗಾಣಿಗನನ್ನು ಬಿಡಿಸಿದರು. ಮುಂದಿನ ಗುರುವಾರ ಎರ್ನಾಕುಲಂನ ಅಂಗಡಿಯಿಂದ ಮುಚ್ಚಳಕ್ಕೆ ಬೆಸುಗೆ ಹಾಕಿದ ಡಬ್ಬಿ ಎಣ್ಣೆ ಬಂತು. ಅದನ್ನು ಮುಟ್ಟಿ ಶುದ್ಧ ಮಾಡುವುದು ಬೇಡವೇ ಎಂದು ಯಾರೋ ಕೇಳಿದರು. ಯಂತ್ರದಿಂದ ಬಂದದ್ದಕ್ಕೆ ದೋಷವಿಲ್ಲ ಎಂದು ತೀರ್ಮಾನವಾಯಿತು. ಮುಗಿಯಿತು! ಎಷ್ಟೋ ತಲೆಮಾರಿನ ನಿಯಮ, ಅದಕ್ಕೆಂದೇ ಒಂದು ಮನೆತನವನ್ನು ತಂದು ನೆಟ್ಟ ನಿಯಮ, ಎಲೆಯಡಿಕೆ ಮೆಲ್ಲುವಷ್ಟು ಹೊತ್ತಿನಲ್ಲಿ ಇಲ್ಲವಾಯಿತು.

ಊಟಕ್ಕೆ ಕೂತಾಗ ಮಾವನನ್ನು ಕೇಳಿಯೇಬಿಟ್ಟೆ. "ಎಣ್ಣೆಯ ನಿಯಮ ಒಂದು ಡಬ್ಬಿಗೆ ಹೋಯ್ತು. ದಾರಿಯ ನಿಯಮ ಯಾಕೆ ಹೋಗ್ಲಿಲ್ಲ ಮಾವ?"

"ಅದೆಲ್ಲ ನಿನಗೆ ಅರ್ಥ ಆಗುದಿಲ್ಲ," ಎಂದರು ಮಾವ. "ಊಟ ಮಾಡು."

ನಾನು ಊಟ ಮಾಡಿದೆ. ಸಾರು, ಹಪ್ಪಳ, ಮಜ್ಜಿಗೆ. ಎಲ್ಲ ನೆನಪಿದೆ.

ಅಮ್ಮಚ್ಚಿಯ ಏಳನೆಯ ದಿನ ಕಳೆದ ಮೇಲೆ ಧೈರ್ಯ ಮಾಡಿ ಅಪ್ಪಚ್ಚನ್ ಮನೆಗೆ ಹೋದೆ. ಜಗಲಿಯಲ್ಲಿ ಗಾಣಿಗ ಕೂತಿದ್ದ, ಮೇಲೆ, ಅಪ್ಪಚ್ಚನ್ ಪಕ್ಕದಲ್ಲಿ. ಇಬ್ಬರ ಮುಂದೆಯೂ ಕಾಫಿ ಲೋಟ. ಅಪ್ಪಚ್ಚನ್ ನನಗೂ ಒಂದು ಲೋಟ ತಂದುಕೊಟ್ಟರು, ತಾವೇ ಮಾಡಿದ್ದು, ಬೆಲ್ಲ ಜಾಸ್ತಿಯಾಗಿತ್ತು. ಆಮೇಲೆ ಅವರು ಕೇಳಿದರು, ತಿರುವನಂತಪುರದಿಂದ ಏನಾದರೂ ಬಂತಾ ಅಂತ.

ನಾನು ಇಲ್ಲ ಎಂದೆ.

ಅವರು ನನ್ನ ಬೆನ್ನು ತಟ್ಟಿದರು. "ಸರ್ಕಾರದ ಕೆಲಸ, ನಿಧಾನ. ನಿನ್ನ ಕೈಲಾದದ್ದು ನೀನು ಮಾಡಿದ್ದೀ ಮೋನೇ. ಬೇಜಾರು ಮಾಡಿಕೊಳ್ಳಬೇಡ."

ಅವರು ನನಗೆ ಒಂದು ಏಟು ಹಾಕಿದ್ದರೆ ಇವತ್ತಿಗೆ ಮರೆತಿರುತ್ತಿದ್ದೆ. ತಟ್ಟಿದ್ದು ಮರೆತಿಲ್ಲ. ಆ ತಿಂಗಳೇ ವರ್ಗಾವಣೆಗೆ ಬರೆದುಕೊಂಡೆ, ತಿರುವನಂತಪುರಕ್ಕೆ ಬಂದೆ, ಇಲ್ಲೇ ನಿಂತೆ. ಮಾವನ ಹೆಣ್ಣುಮಕ್ಕಳಿಗೆ ಮದುವೆಯಾಯಿತು, ಎರಡಕ್ಕೂ ನಾನು ಹೋಗಲಿಲ್ಲ. ನಾಲ್ಕು ವರ್ಷದ ಮೇಲೆ ಅತ್ತೆ ಬರೆದ ಕಾರ್ಡಿನ ಕೊನೆಯ ಸಾಲಿನಲ್ಲಿ, ಎದುರು ಮನೆಯ ಅಪ್ಪಚ್ಚನ್ ಹೋದರು ಎಂದಿತ್ತು. ಯಾವ ದಾರಿಯಲ್ಲಿ ಒಯ್ದರು ಎಂದು ಅತ್ತೆ ಬರೆದಿರಲಿಲ್ಲ. ನಾನೂ ಕೇಳಿ ಬರೆಯಲಿಲ್ಲ.

ಎರಡು ವರ್ಷದ ಹಿಂದೆ ಮೊಮ್ಮಗಳು ಕಾರಿನಲ್ಲಿ ಆ ಕಡೆ ಕರೆದುಕೊಂಡು ಹೋಗಿದ್ದಳು. ತೋಡನ್ನು ಮುಚ್ಚಿ ಫ್ಲಾಟು ಕಟ್ಟಿದ್ದಾರೆ. ಅಪ್ಪಚ್ಚನ್ ಮನೆಯಿದ್ದಲ್ಲಿ ಟೈರಿನ ಅಂಗಡಿ. ರಸ್ತೆ ನಾಲ್ಕು ಪಟ್ಟು ಅಗಲವಾಗಿದೆ, ಹೆಣದ ಗಾಡಿಯೂ ಹೋಗುತ್ತದೆ, ಮದುವೆಯ ದಿಬ್ಬಣವೂ ಹೋಗುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಇಲ್ಲಿ ಏನಿತ್ತು ಅಜ್ಜಾ ಎಂದು ಅವಳು ಮಲಯಾಳದಲ್ಲಿ ಕೇಳಿದಳು. ಏನೂ ಇಲ್ಲ, ಹೋಗೋಣ ಎಂದೆ.

ಸಭೆಯಲ್ಲಿ ಆ ಭಾಷಣಕಾರರ ಮೇಲೆ ನನಗೆ ಬಂದ ಸಿಟ್ಟು ನಿಜ. ಅಧ್ಯಕ್ಷರ ಮೇಲೆ, ಪಾದ್ರಿಗಳ ಮೇಲೆ, ಮಾವನ ಮೇಲೆ ಇರುವ ಸಿಟ್ಟೂ ನಿಜ. ಅವರೆಲ್ಲ ಸತ್ತಿದ್ದಾರೆ, ಇನ್ನು ಅವರನ್ನು ಬೈದು ನನಗೆ ದಕ್ಕುವುದೇನೂ ಇಲ್ಲ. ನನ್ನ ಮಾತನ್ನು ಕೇಳಬೇಕಾದವರೂ ಸತ್ತಿದ್ದಾರೆ. ಆದರೂ ಹೇಳಿಬಿಡುತ್ತೇನೆ. ಉತ್ತರ ಬಂದಿತ್ತು ಅಪ್ಪಚ್ಚಾ. ಅಮ್ಮಚ್ಚಿ ಇನ್ನೂ ಬದುಕಿದ್ದಾಗಲೇ ಬಂದಿತ್ತು.